ಸೆಕೆಗೆ ಮಂಗಳೂರಿಗೆ ಬಂದಿಳಿದವರ ಪ್ರಶ್ನೆಗಳು, ಮಕ್ಕಳ ವೈದ್ಯೆಯ ಉತ್ತರಗಳು

ನಿರ್ವಾಹಕಿ: ಮೇ ರಜೆಗೆ ನೆಂಟರ ಮನೆಗೆ ಬಂದವರಿಂದ ಪ್ರಶ್ನೆಗಳ ರಾಶಿಯೇ ಬಿದ್ದಿದೆ. ಡಾಕ್ಟರು ಒಂಬತ್ತರಿಂದ ಹತ್ತರವರೆಗೆ ಇರುತ್ತಾರೆ. ಹಿಂದಿನ ಉತ್ತರ ಓದಿ ಕೇಳಿ.

ಮಣ್ಣಗುಡ್ಡೆ: ನಾದಿನಿ ಮೂರು ತಿಂಗಳ ಕೂಸಿನೊಂದಿಗೆ ಬೆಂಗಳೂರಿನಿಂದ ನಿನ್ನೆ ಬಂದಿದ್ದಾಳೆ. ಮಗುವಿನ ಬಾಯಿ ಒಣಗುತ್ತದೆ, ಎರಡು ಚಮಚ ನೀರು ಕೊಡಿ ಎನ್ನುತ್ತಾರೆ ಅತ್ತೆ. ಕೊಡಬಹುದೇ?

ವೈದ್ಯೆ: ಬೇಡ. ಆರು ತಿಂಗಳವರೆಗೆ ತಾಯಿಯ ಹಾಲು ಸಾಕು, ಎಷ್ಟೇ ಸೆಕೆಯಿದ್ದರೂ. ಕೂಸು ಕೇಳಿದಾಗಲೆಲ್ಲ ಕೊಡಲಿ. ಆ ನೀರನ್ನು ನಾದಿನಿಗೆ ಕುಡಿಸಿ.

ಕದ್ರಿ: ಡಬ್ಲಿನ್‌ನಿಂದ ತವರಿಗೆ ಬಂದು ನಾಲ್ಕು ದಿನವಾಯಿತು. ಎರಡೂವರೆ ವರ್ಷದ ಮಗನಿಗೆ ದಿನವೂ ಮಧ್ಯಾಹ್ನ 102 ಡಿಗ್ರಿ ಜ್ವರ. ಪ್ಯಾರಸಿಟಮಾಲ್ ಕೊಟ್ಟರೂ ಇಳಿಯುವುದಿಲ್ಲ. ಸಂಜೆ ಸ್ನಾನ ಮಾಡಿಸಿ ಎಸಿ ಕೋಣೆಯಲ್ಲಿ ಮಲಗಿಸಿದರೆ ತಾನಾಗಿಯೇ ಇಳಿಯುತ್ತದೆ. ಮಲೇರಿಯಾವೇ?

ಬಿಜೈ: ಮಗುವಿನ ಜೇಬಿನಲ್ಲಿ ಈರುಳ್ಳಿ ಇಡಿ, ಶಾಖವನ್ನೆಲ್ಲ ಹೀರಿಕೊಳ್ಳುತ್ತದೆ. ತಣ್ಣೀರು ಮಾತ್ರ ಕೊಡಬೇಡಿ, ರಕ್ತನಾಳ ಒಡೆಯುತ್ತದೆ. ದೊಡ್ಡ ಡಾಕ್ಟರೊಬ್ಬರು ಕಳಿಸಿದ ಸಂದೇಶ.

ವೈದ್ಯೆ: ಈರುಳ್ಳಿ ಸಾಂಬಾರಿಗೆ. ತಣ್ಣೀರು ಕುಡಿದು ರಕ್ತನಾಳ ಒಡೆದವರು ಯಾರೂ ಇಲ್ಲ.

ಕದ್ರಿಯವರೇ, ಮಗು ಬೆವರುತ್ತದೆಯೇ? ಹಲ್ಲು ಎಷ್ಟಿವೆ? ತಲೆಗೂದಲು ಹೇಗಿದೆ?

ಕದ್ರಿ: ನಾಲ್ಕೇ ಹಲ್ಲು, ಮೊಳೆಯ ಹಾಗೆ ಚೂಪು. ಕೂದಲು ತೀರ ತೆಳು. ಬೆವರಿದ್ದನ್ನು ನೋಡಿದ ನೆನಪೇ ಇಲ್ಲ, ಅಲ್ಲಿ ಚಳಿಯಲ್ಲವೇ. ಈಗ ನಾವೆಲ್ಲ ಬೆವರಿನಲ್ಲಿ ತೊಯ್ದಿದ್ದೇವೆ, ಅವನ ಬೆನ್ನು ಮಾತ್ರ ಕಾವಲಿಯಂತೆ ಒಣಗಿ ಸುಡುತ್ತಿದೆ. ಅಮ್ಮನ ತಮ್ಮನೂ ಹೀಗೆಯೇ ಅಂತೆ. ಬೇಸಿಗೆಯಲ್ಲಿ ಒದ್ದೆ ಬೈರಾಸು ಹೊದ್ದು ಬಾವಿಕಟ್ಟೆ ಬಿಟ್ಟು ಏಳುತ್ತಿರಲಿಲ್ಲ. ಮೂವತ್ತಕ್ಕೆಲ್ಲ ಕಟ್ಟಿಸಿದ ಹಲ್ಲು.

ವೈದ್ಯೆ: ಆ ಮಾವನ ವಿಷಯ ಹೇಳಿದ್ದು ಒಳ್ಳೆಯದಾಯಿತು. ಮಲೇರಿಯಾ ಕಾಣಿಸಿಕೊಳ್ಳಲು ಸಾಮಾನ್ಯವಾಗಿ ಒಂದು ವಾರವಾದರೂ ಬೇಕು, ನೀವು ಬಂದು ನಾಲ್ಕೇ ದಿನ. ಆದರೂ ರಕ್ತ, ಮೂತ್ರ ಪರೀಕ್ಷೆ ನಾಳೆಯೇ ಆಗಲಿ. ಸೋಂಕು ಇಲ್ಲವೆಂದು ಖಚಿತವಾಗದೆ ಮುಂದಿನ ಮಾತಿಲ್ಲ.

ನನ್ನ ಅನುಮಾನ ಬೇರೆ. ಹುಟ್ಟಿನಿಂದಲೇ ಬೆವರು ಗ್ರಂಥಿಗಳು ಇಲ್ಲದ ಅಥವಾ ಬಹಳ ಕಡಿಮೆ ಇರುವ ಒಂದು ಸ್ಥಿತಿಯಿದೆ, ಹೈಪೊಹೈಡ್ರೋಟಿಕ್ ಎಕ್ಟೋಡರ್ಮಲ್ ಡಿಸ್ಪ್ಲೇಸಿಯಾ ಎಂದು ಹೆಸರು. ಹಲ್ಲು ಕಡಿಮೆ, ಇದ್ದವೂ ಚೂಪು, ಕೂದಲು ವಿರಳ. ಸಾಮಾನ್ಯವಾಗಿ ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರುತ್ತದೆ. ಸಿಂಧ್ ಪ್ರಾಂತದ ಒಂದು ಕುಟುಂಬದಲ್ಲಿ ನಾಲ್ಕು ತಲೆಮಾರುಗಳ ಹತ್ತು ಗಂಡಸರಿಗೆ ಹಲ್ಲು ಬಹಳ ಕಡಿಮೆ, ಬೇಸಿಗೆಯಲ್ಲಿ ಚರ್ಮ ಒಣಗಿ ಸಂಕಟ, ಹೆಣ್ಣುಮಕ್ಕಳಿಗೆ ಏನೂ ಇಲ್ಲದಿದ್ದರೂ ಅವರ ಗಂಡುಮಕ್ಕಳಿಗೆ ಮತ್ತೆ ಅದೇ ಎಂದು ಡಾರ್ವಿನ್ 1875ರಲ್ಲೇ ಬರೆದಿದ್ದಾನೆ. ನಿಮಗೂ ಒಂದೆರಡು ಹಲ್ಲು ಹುಟ್ಟಿಯೇ ಇಲ್ಲವೇ, ನೋಡಿಕೊಳ್ಳಿ.

ಅದೇ ಆಗಿದ್ದರೆ ಇದು ಜ್ವರವಲ್ಲ, ಹೊರಹೋಗಲಾರದ ಶಾಖ. ಅದಕ್ಕೇ ಪ್ಯಾರಸಿಟಮಾಲ್ ಕೇಳುತ್ತಿಲ್ಲ, ಮತ್ತೆ ಮತ್ತೆ ಕೊಡಬೇಡಿ. ಬೆವರಿನ ಕೆಲಸವನ್ನು ನೀವು ಮಾಡಬೇಕು: ಅಂಗಿಯನ್ನೇ ನೀರಿನಲ್ಲಿ ಅದ್ದಿ ಹಿಂಡಿ ತೊಡಿಸಿ, ಫ್ಯಾನ್ ಹಾಕಿ, ಒಣಗಿದಾಗ ಮತ್ತೆ ಒದ್ದೆ ಮಾಡಿ. ಒಣ ಮೈಗೆ ಫ್ಯಾನಿನ ಗಾಳಿಯಿಂದ ಹೆಚ್ಚು ಪ್ರಯೋಜನವಿಲ್ಲ. ಇಲ್ಲಿನ ತೇವದ ಗಾಳಿಯಲ್ಲಿ ಒದ್ದೆ ಬಟ್ಟೆಯೂ ಬೇಗ ಆರುವುದಿಲ್ಲ, ಆದ್ದರಿಂದ ಹಗಲು ಎಸಿ ಕೋಣೆಯಲ್ಲೇ ಇರಲಿ. ಮಂಕಾದರೆ, ಅಸಂಬದ್ಧವಾಗಿ ವರ್ತಿಸಿದರೆ, ಫಿಟ್ಸ್ ಬಂದರೆ ಅಥವಾ 104 ಡಿಗ್ರಿ ಮುಟ್ಟಿದರೆ ಮೈಗೆ ನೀರು ಸುರಿಯುತ್ತಲೇ 108ಕ್ಕೆ ಕರೆ ಮಾಡಿ. ಬಾಯಿಗೆ ಏನನ್ನೂ ಹಾಕಬೇಡಿ.

ಉರ್ವ: ಎಸಿಯಲ್ಲಿ ಬೆಳೆಸಿದ್ದೇ ತಪ್ಪು. ನಾವೆಲ್ಲ ಹಂಚಿನ ಮನೆಯಲ್ಲಿ ಗಂಜಿ ಉಂಡು ಬೆಳೆಯಲಿಲ್ಲವೇ?

ಸುರತ್ಕಲ್: ಹಂಚಿನ ಮನೆಯ ಸುತ್ತ ಹಲಸು, ಮಾವು ಇದ್ದವು. ಈಗ ಒಂಬತ್ತನೇ ಮಹಡಿ, ಪಶ್ಚಿಮಕ್ಕೆ ಗಾಜು. ಗಂಜಿ ಉಂಡರೆ ಗಾಜು ತಣ್ಣಗಾಗುತ್ತದೆಯೇ?

ಉರ್ವ: ಕೊಲ್ಲಿಯಲ್ಲಿ ದುಡಿದು ಬಂದವರಿಗೆ ಊರಿನದ್ದೆಲ್ಲ ಕೀಳು.

ಸುರತ್ಕಲ್: ನಿಮ್ಮ ಮನೆಯಲ್ಲಿ ಎರಡು ಎಸಿ ಇರುವುದನ್ನು ನಾನೇ ನೋಡಿದ್ದೇನೆ.

ಬಿಜೈ: ಪುನರ್ಪುಳಿ ಶರಬತ್ತು ಕುಡಿಯಿರಿ ಇಬ್ಬರೂ.

ಕಂಕನಾಡಿ: ಮಗಳಿಗೆ ಬೇಧಿ. ಅಂಗಡಿಯಲ್ಲಿ ಸಿಗುವ ಕಿತ್ತಳೆ ರುಚಿಯ ಡಬ್ಬಿ ಕೊಡುತ್ತಿದ್ದೇವೆ, ಒಆರ್‌ಎಸ್ ತಾನೇ?

ವೈದ್ಯೆ: ಅಲ್ಲ, ಅದು ಸಕ್ಕರೆ ನೀರು. ಬೇಧಿಗೆ ಅದು ಇನ್ನೂ ಕೆಟ್ಟದ್ದು. ಇಂಥ ಪಾನೀಯಗಳ ಮೇಲೆ ಆ ಹೆಸರು ಹಾಕಬಾರದು ಎಂದು 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರವೇ ಆದೇಶಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರ ಎಂದು ಬರೆದಿರುವ ಪುಡಿ ತನ್ನಿ. ದೊಡ್ಡ ಪೊಟ್ಟಣಕ್ಕೆ ಪೂರ್ತಿ ಒಂದು ಲೀಟರ್ ನೀರು. ಅಂದಾಜಿನಲ್ಲಿ ಕಲಸಬೇಡಿ.

ಜೆಪ್ಪು: ಬೆವರುಸಾಲೆಗೆ ಯಾವ ಪೌಡರ್ ಒಳ್ಳೆಯದು?

ವೈದ್ಯೆ: ಯಾವುದೂ ಬೇಡ. ತೆಳು ಹತ್ತಿ ಬಟ್ಟೆ, ತಣ್ಣೀರು ಸ್ನಾನ.

ಕುಲಶೇಖರ: ನಮ್ಮ ನಾಲ್ಕು ತಿಂಗಳ ಮಗುವಿಗೆ ಬೊಂಡದ ನೀರು ಕೊಡಬಹುದಲ್ಲವೇ?

ವೈದ್ಯೆ: ಮೇಲೆ ಓದಿ.

ಬಿಜೈ: ಜೇನುತುಪ್ಪದಲ್ಲಿ ತುಳಸಿ ರಸ ಬೆರೆಸಿ ನಾಲಿಗೆಗೆ ಸವರಿದರೆ ಉಷ್ಣ ಇಳಿಯುತ್ತದೆ.

ವೈದ್ಯೆ: ವರ್ಷ ತುಂಬದ ಮಗುವಿಗೆ ಜೇನು ಕೊಟ್ಟರೆ ಬಾಟ್ಯುಲಿಸಂ ಬರಬಹುದು, ಸ್ನಾಯುಗಳು ಸೋತು ಉಸಿರೇ ನಿಲ್ಲಬಹುದು. ಇನ್ನೊಂದು ಮದ್ದು ಇಲ್ಲಿ ಬಂದರೆ ನಾನು ಗುಂಪು ಬಿಡುತ್ತೇನೆ.

ಬಿಜೈ: ಒಳ್ಳೆಯದಕ್ಕೇ ಹೇಳಿದ್ದು. ಓದಿದವರಿಗೆ ಇಷ್ಟು ಕೋಪ ಬರಬಾರದು.

ಪಡೀಲ್: ನಮ್ಮ ಭಾವನಿಗೆ ಸಕ್ಕರೆ ಕಾಯಿಲೆ, ಇನ್ಸುಲಿನ್ ಪೆನ್ನು ಕಾರಿನಲ್ಲೇ ಉಳಿದುಬಿಟ್ಟಿತು. ಬಳಸಬಹುದೇ?

ಉರ್ವ: ನನ್ನ ಮನೆಯ ಎಸಿ ಲೆಕ್ಕ ಹಾಕಲು ಇವರು ಯಾರು? ನಿರ್ವಾಹಕರು ಉತ್ತರಿಸಬೇಕು.

ನಿರ್ವಾಹಕಿ: ಇಬ್ಬರೂ ದಯವಿಟ್ಟು ನಿಲ್ಲಿಸಿ.

ಕದ್ರಿ: ಡಾಕ್ಟರೇ, ಕನ್ನಡಿ ಹಿಡಿದು ನೋಡಿಕೊಂಡೆ. ನನಗೂ ಮೇಲೆ ಎರಡು ಹಲ್ಲು ಇಲ್ಲ. ನಾಳೆ ಧರ್ಮಸ್ಥಳದಲ್ಲಿ ಮಗನ ಮುಡಿ ಕೊಡುವ ಹರಕೆಯಿದೆ. ಕಾರಿನಲ್ಲಿ ಎಸಿ ಇದೆ, ಹೋಗಿ ಬಂದು ಆಸ್ಪತ್ರೆಗೆ ತೋರಿಸಿದರೆ ಆಗದೇ ಎಂದು ಅಮ್ಮ ಕೇಳುತ್ತಿದ್ದಾರೆ.

ವೈದ್ಯೆ: ಆಗುವುದಿಲ್ಲ. ಕಾರಿನಲ್ಲಿ ಎಸಿ ಇದೆ, ಸರತಿ ಸಾಲಿನಲ್ಲಿ ಇಲ್ಲ. ಹರಕೆಯನ್ನು ಮಳೆ ಹಿಡಿದ ಮೇಲೆ ತೀರಿಸಬಹುದು ಎಂದು ಅಮ್ಮನಿಗೆ ಹೇಳಿ. ಬೆಳಿಗ್ಗೆ ಬಿಸಿಲೇರುವ ಮೊದಲೇ ಮಕ್ಕಳ ವಿಭಾಗಕ್ಕೆ ಕರೆದುಕೊಂಡು ಹೋಗಿ, ಒದ್ದೆ ಅಂಗಿ ತೊಡಿಸಿಯೇ. ಸಾಧ್ಯವಾದರೆ ಆ ಮಾವನೂ ಜೊತೆಗೆ ಬರಲಿ.