ಖೀಮಾ ಹಾಕಿದ ಬಿಸಿ ಚೀಸ್ ಡಿಪ್ ಒಡೆಯದಂತೆ ಮಾಡುವುದು ಹೇಗೆ?

ಪ್ರಶ್ನೆ: ಶನಿವಾರದ ಪಾರ್ಟಿಗೆ ಖೀಮಾ ಹಾಕಿದ ಬಿಸಿ ಚೀಸ್ ಡಿಪ್ ಮಾಡಬೇಕೆಂದಿದ್ದೇನೆ. ಕಳೆದ ಬಾರಿ ಅರ್ಧ ಗಂಟೆಯೊಳಗೆ ಮೇಲೆ ಎಣ್ಣೆ ತೇಲಿ, ತಳದಲ್ಲಿ ಚೀಸ್ ರಬ್ಬರಿನಂತೆ ಗಂಟು ಕಟ್ಟಿಕೊಂಡಿತ್ತು. ತಪ್ಪಿದ್ದೆಲ್ಲಿ ಎಂದು ಬಲ್ಲವರು ದಯವಿಟ್ಟು ತಿಳಿಸಿ.

ಉತ್ತರ 1: ಉರಿ ಹೆಚ್ಚಾಗಿರಬೇಕು. ಚೀಸ್ ಕುದಿಯತೊಡಗಿದರೆ ಅದರ ಪ್ರೋಟೀನ್ ಬಿಗಿದುಕೊಂಡು ಜಿಡ್ಡನ್ನು ಹೊರಗೆ ಬಿಡುತ್ತದೆ. ಖೀಮಾವನ್ನು ಮೊದಲು ಬೇರೆಯಾಗಿ, ನೀರೆಲ್ಲ ಇಂಗಿ ಅಲ್ಲಲ್ಲಿ ಕಂದುಬಣ್ಣಕ್ಕೆ ತಿರುಗುವವರೆಗೆ ಹುರಿದು, ಬಿಟ್ಟುಕೊಂಡ ಕೊಬ್ಬನ್ನು ಬಸಿದುಬಿಡಿ. ಈ ಕೊಬ್ಬೇ ಮುಂದೆ ಎಣ್ಣೆಯಾಗಿ ತೇಲುವುದು. ಅರ್ಧ ಕಿಲೋ ಖೀಮಾಕ್ಕೆ 200 ಗ್ರಾಂ ಕ್ರೀಮ್ ಚೀಸ್, 250 ಗ್ರಾಂ ಚೆಡ್ಡಾರ್, ಅರ್ಧ ಲೋಟ ಹಾಲು ಸಾಕು. ಹಾಲಿನಲ್ಲಿ ಕ್ರೀಮ್ ಚೀಸನ್ನು ಸಣ್ಣ ಉರಿಯಲ್ಲಿ ಕರಗಿಸಿ, ಒಂದು ಚಮಚ ಕಾರ್ನ್‌ಫ್ಲೋರ್ ಬೆರೆಸಿದ ಚೆಡ್ಡಾರ್ ತುರಿಯನ್ನು ಹಿಡಿಹಿಡಿಯಾಗಿ ಸೇರಿಸುತ್ತಾ, ಒಂದು ಹಿಡಿ ಪೂರ್ತಿ ಕರಗಿದ ಮೇಲಷ್ಟೇ ಇನ್ನೊಂದನ್ನು ಹಾಕಿ. ಖೀಮಾ ಕೊನೆಯಲ್ಲಿ ಬೀಳಲಿ. ಉಪ್ಪನ್ನು ರುಚಿ ನೋಡಿಯೇ ಹಾಕಿ, ಚೀಸಿನಲ್ಲೇ ಬೇಕಾದಷ್ಟಿರುತ್ತದೆ.

ಉತ್ತರ 2: ಮೇಲಿನವರು ಹೇಳಿದ್ದು ಸರಿ. ಆದರೆ ಬಹಳ ದಿನ ಹಣ್ಣಾಗಿಸಿದ ಚೆಡ್ಡಾರ್ ರುಚಿಯಲ್ಲಿ ಎಷ್ಟೇ ಮೇಲಾದರೂ ಬೇಗ ಒಡೆಯುತ್ತದೆ, ಆದ್ದರಿಂದ ಅರ್ಧದಷ್ಟಾದರೂ ಎಳೆಯ ಚೀಸ್ ಇರಲಿ.

ಪ್ರಶ್ನೆ ಕೇಳಿದವರು: ಧನ್ಯವಾದಗಳು. ನಾನು ಕೊಬ್ಬನ್ನು ಬಸಿದಿರಲೇ ಇಲ್ಲ! ಎರಡು ಗಂಟೆ ಬಿಸಿಯಾಗಿಡುವುದು ಹೇಗೆ?

ಉತ್ತರ 3: ಸ್ಲೋ ಕುಕ್ಕರ್ ಇದ್ದರೆ ‘ವಾರ್ಮ್’ನಲ್ಲಿಡಿ, ಇಲ್ಲವಾದರೆ ಪಾತ್ರೆಯನ್ನು ಬಿಸಿನೀರಿನಲ್ಲಿ ಇರಿಸಿ. ಮಾಂಸವಿರುವುದರಿಂದ ಬಿಸಿ 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿಯಬಾರದು. ಗಟ್ಟಿಯಾದರೆ ಎರಡು ಚಮಚ ಬಿಸಿ ಹಾಲು ಹಾಕಿ ಕದಡಿ. ತಣ್ಣನೆಯ ಹಾಲು ಬೇಡ.