ಸಹಾಯ ಬೇಕು: ಕಜಕಸ್ತಾನದಿಂದ ಒಮಾನ್‌ಗೆ ಬಿಟ್‌ಕಾಯಿನ್ ಮೈನಿಂಗ್ ಯಂತ್ರಗಳ ಸಾಗಣೆ

ನಮಸ್ಕಾರ. ನಾನು ಕುಂದಾಪುರದವನು, ಕಜಕಸ್ತಾನದ ಅಲ್ಮಾಟಿಯಲ್ಲಿದ್ದೇನೆ. 2021ರಲ್ಲಿ ಚೀನಾ ಬಿಟ್‌ಕಾಯಿನ್ ಮೈನಿಂಗ್ (ಯಂತ್ರಗಳಿಂದ ಸತತ ಲೆಕ್ಕ ಮಾಡಿಸಿ ಈ ಡಿಜಿಟಲ್ ನಾಣ್ಯ ಗಳಿಸುವ ಕೆಲಸ) ನಿಷೇಧಿಸಿದಾಗ ಗಡಿ ದಾಟಿ ಬಂದ ಯಂತ್ರಗಳಲ್ಲಿ ಹನ್ನೆರಡು ಆಂಟ್‌ಮೈನರ್ ಎಸ್19 ಕೊಂಡಿದ್ದೆ. ಮರುವರ್ಷ ಜನವರಿಯಲ್ಲೇ ಇಲ್ಲಿ ಮೈನಿಂಗ್‌ಗೆ ವಿದ್ಯುತ್ ಕಡಿತವಾಯಿತು. ಒಂದೊಂದು ಯಂತ್ರ ಗಂಟೆಗೆ ಮೂರು ಯೂನಿಟ್‌ಗೂ ಹೆಚ್ಚು ನುಂಗುತ್ತದೆ. ಆ ಪೆಟ್ಟಿನಿಂದ ನಾನು ಇಂದಿಗೂ ಚೇತರಿಸಿಕೊಂಡಿಲ್ಲ.

ಊರಿಗೆ ತರೋಣವೆಂದರೆ ಭಾರತದಲ್ಲಿ ಬಿಟ್‌ಕಾಯಿನ್ ಗಳಿಕೆಗೆ ಶೇ 30ರಷ್ಟು ತೆರಿಗೆ, ವಿದ್ಯುತ್ ಖರ್ಚನ್ನು ಕಳೆಯಲೂ ಬಿಡುವುದಿಲ್ಲ. ಕೊನೆಗೆ ಒಮಾನ್‌ನ ಸಲಾಲಾದಲ್ಲಿ ಜಾಗ ಸಿಕ್ಕಿತು. (ಅಲ್ಲಿಯೂ ನಮ್ಮ ಕರಾವಳಿಯಂತೆ ಉಪ್ಪುಗಾಳಿ, ಬೋರ್ಡ್‌ಗಳಿಗೆ ತುಕ್ಕು ಹಿಡಿಯುವ ಭಯ ಬೇರೆ.) ಧೂಳು ಊದಿ, ಫ್ಯಾನ್ ಬಿಚ್ಚಿ, ಥರ್ಮಕೋಲ್ ಇಟ್ಟು ಕಟ್ಟಿದ ಪೆಟ್ಟಿಗೆಗಳು ಎರಡು ತಿಂಗಳಿಂದ ಬಾಗಿಲ ಬಳಿಯೇ ಇವೆ.

ತೊಡಕಿರುವುದು ಕಾಗದಪತ್ರದಲ್ಲಿ. ಮೂಲ ಬಿಲ್ ಇಲ್ಲ, ಮಾರಿದವರು ಬರೆದುಕೊಟ್ಟ ರಸೀದಿ ಮಾತ್ರ ಇದೆ. ಅವರ ಫೋನ್ ಈಗ ಸಿಗುತ್ತಿಲ್ಲ. ಸರಕು ಯಾವ ಬಗೆಯದೆಂದು ಕಸ್ಟಮ್ಸ್‌ಗೆ ತಿಳಿಸುವ ಸಂಕೇತದಲ್ಲೂ ಗೊಂದಲ: ಒಬ್ಬ ಏಜೆಂಟ್ ಕಂಪ್ಯೂಟರ್ ಎಂದು 8471 ಹಾಕಿ ಎನ್ನುತ್ತಾರೆ, ಇನ್ನೊಬ್ಬರು ಇತರ ವಿದ್ಯುತ್ ಯಂತ್ರವೆಂದು 8543 ಎನ್ನುತ್ತಾರೆ. ತಪ್ಪಾದರೆ ಬಂದರಿನಲ್ಲೇ ತಡೆಯುತ್ತಾರೆ ಎಂದು ಇಬ್ಬರೂ ಹೆದರಿಸುತ್ತಾರೆ.

ಗಲ್ಫ್‌ಗೆ ಬಳಸಿದ ಯಂತ್ರ ಕಳುಹಿಸಿದವರು ದಯವಿಟ್ಟು ತಿಳಿಸಿ: ಮೂಲ ಬಿಲ್ ಇಲ್ಲದೆ ಒಮಾನ್ ಕಸ್ಟಮ್ಸ್‌ಗೆ ಬೆಲೆಯನ್ನು ಹೇಗೆ ತೋರಿಸಿದಿರಿ? ಯಾವ ಸಂಕೇತವನ್ನು ಒಪ್ಪಿದರು?