ಮೂಗು ಒಂದು, ಕೋಡ್ ಎರಡು

ದಾವಣಗೆರೆಯ ನಮ್ಮ ಮನೆ ಗುಂಪಿನಲ್ಲಿ ಭಾನುವಾರ ನಡೆದ ಚರ್ಚೆ ಇದು. ತುಂಡು ವಾಕ್ಯ ಬರೆದರೆ ನಿವೃತ್ತ ಹೆಡ್‌ಮಾಸ್ಟರಾದ ದೊಡ್ಡಪ್ಪ ತಿದ್ದಿಸುತ್ತಾರಾದ್ದರಿಂದ ಇಲ್ಲಿ ಎಲ್ಲರೂ ಪೂರ್ಣವಾಗಿಯೇ ಬರೆಯುತ್ತಾರೆ.

ದೊಡ್ಡಪ್ಪ: ವಿಮಾ ಕಂಪನಿಯ ಪತ್ರದ ಫೋಟೋ ಹಾಕಿದ್ದೇನೆ, ಎಲ್ಲರೂ ಓದಿರಿ. ನನ್ನ ಮಗ ಉಸಿರು ಸಾಲದೆ ರಾತ್ರಿಯಿಡೀ ಬಾಯಿ ತೆರೆದು ಮಲಗುತ್ತಿದ್ದುದನ್ನು ಕಂಡವರು ನಾವು. ಇವರು ಅದಕ್ಕಾಗಿ ಮಾಡಿಸಿದ ಮೂಗಿನ ಶಸ್ತ್ರಚಿಕಿತ್ಸೆಯನ್ನು ಸೌಂದರ್ಯ ಚಿಕಿತ್ಸೆ ಎಂದು ಕರೆದು 1,18,000 ರೂಪಾಯಿಯ ಕ್ಲೇಮನ್ನು ತಿರಸ್ಕರಿಸಿದ್ದಾರೆ. ಪತ್ರದ ಕೆಳಗಿರುವ ಫಾರ್ವರ್ಡ್ ಸಂದೇಶವನ್ನೂ ನೋಡಿರಿ. ಮೂಗಿನ ಕವಾಟ ಕುಸಿತಕ್ಕೆ 2024ರ ಅಕ್ಟೋಬರ್ 1ರಿಂದ ಜೆ34.82 ಎಂಬ ಪ್ರತ್ಯೇಕ ಕೋಡ್, ಅಂದರೆ ಕಾಗದಪತ್ರದಲ್ಲಿ ರೋಗವನ್ನು ಗುರುತಿಸುವ ಸಂಖ್ಯೆ, ಬಂದಿದೆಯಂತೆ. ನಮ್ಮ ಆಸ್ಪತ್ರೆಯವರು ಜೆ34.8 ಎಂದಷ್ಟೇ ಬರೆದು ಕೈ ತೊಳೆದುಕೊಂಡಿದ್ದಾರೆ. ಒಂದು ಅಂಕಿ ಬಿಟ್ಟದ್ದಕ್ಕೆ ಇಷ್ಟು ಹಣ ಹೋಯಿತು. ನಾಳೆ ಬೆಳಿಗ್ಗೆಯೇ ಬಿಲ್ಲಿಂಗ್ ಕೌಂಟರಿನಲ್ಲಿ ವಿಚಾರಿಸುವವನಿದ್ದೇನೆ.

ಹರಿಹರದ ಅತ್ತೆ: ಮೂಗಿನಲ್ಲಿಯೂ ಕವಾಟ ಇರುತ್ತದೆಂದು ನನಗೆ ಗೊತ್ತೇ ಇರಲಿಲ್ಲ ಅಣ್ಣಾ. ಹೃದಯದ್ದನ್ನು ಮಾತ್ರ ಕೇಳಿದ್ದೆ.

ನಾನು: ಅತ್ತೆ, ಅದು ತೆರೆದು ಮುಚ್ಚುವ ಬಾಗಿಲಲ್ಲ. ಮೂಗಿನ ಒಳದಾರಿಯಲ್ಲಿ ಅತ್ಯಂತ ಕಿರಿದಾದ ಜಾಗಕ್ಕೆ ಆ ಹೆಸರು. ನಡುಗೋಡೆಗೂ ಪಕ್ಕದ ಮೆದುಮೂಳೆಗೂ ಇರುವ ಕೋನ ಸಾಮಾನ್ಯವಾಗಿ 10ರಿಂದ 15 ಡಿಗ್ರಿ ಎಂದು ಪಠ್ಯಗಳು ಹೇಳುತ್ತವೆ. ಪಕ್ಕದ ಗೋಡೆಗೆ ಬಲವಿಲ್ಲದಿದ್ದರೆ, ಎಳನೀರಿನಲ್ಲಿ ನೆನೆದ ಕಾಗದದ ಸ್ಟ್ರಾ ಜೋರಾಗಿ ಹೀರಿದಾಗ ಚಪ್ಪಟೆಯಾಗುವಂತೆ, ಅದು ಉಸಿರೆಳೆದಾಗಲೆಲ್ಲ ಒಳಕ್ಕೆ ಅಂಟಿಕೊಳ್ಳುತ್ತದೆ. ಕೆನ್ನೆಯನ್ನು ಬೆರಳಿನಿಂದ ಹೊರಕ್ಕೆ ಎಳೆದು ಹಿಡಿದರೆ ದಾರಿ ತೆರೆಯುತ್ತದೆ. ವೈದ್ಯರು ಇದನ್ನು ಕಾಟಲ್ ಪರೀಕ್ಷೆ ಎನ್ನುತ್ತಾರೆ.

ಹರಿಹರದ ಅತ್ತೆ: ಒಲೆಯ ಮುಂದೆ ನಿಂತೇ ಕೆನ್ನೆ ಎಳೆದು ನೋಡಿದೆ, ಒಗ್ಗರಣೆಯ ಇಂಗಿನ ಘಮ ಎರಡರಷ್ಟಾಯಿತು. ಹಾಗಾದರೆ ನನಗೂ ಆಪರೇಷನ್ ಬೇಕೇನು?

ನಾನು: ಬೇಡ ಅತ್ತೆ. ಕೆನ್ನೆ ಎಳೆದರೆ ರೋಗವಿಲ್ಲದವರಿಗೂ ಉಸಿರು ಸಲೀಸಾಗುತ್ತದೆ. ಆದ್ದರಿಂದಲೇ ವೈದ್ಯರು ತೆಳುವಾದ ಕಡ್ಡಿಯೊಂದನ್ನು ಮೂಗಿನೊಳಗೆ ಇಟ್ಟು, ಕುಸಿಯುವ ಜಾಗವನ್ನಷ್ಟೇ ಮೆಲ್ಲಗೆ ಎತ್ತಿ ಹಿಡಿದು, ವ್ಯತ್ಯಾಸವನ್ನು ದಾಖಲಿಸುತ್ತಾರೆ. ನಮ್ಮ ಅಣ್ಣನ, ಅಂದರೆ ದೊಡ್ಡಪ್ಪನವರ ಮಗನ, ಕಡತದಲ್ಲಿ ಅದು ಇದೆ.

ಇನ್ನು ದೊಡ್ಡಪ್ಪನವರ ಮಾತಿಗೆ ಬರುತ್ತೇನೆ. ವಿದ್ಯಾನಗರದ ಮನೆಯಲ್ಲಿ ಕುಳಿತು ದಿನವೂ ಅಮೆರಿಕದ ಆಸ್ಪತ್ರೆಗಳ ಕಡತಗಳಿಗೆ ಕೋಡ್ ಹಾಕುವವಳಾದ್ದರಿಂದ ಇಷ್ಟನ್ನು ಧೈರ್ಯವಾಗಿ ಹೇಳಬಲ್ಲೆ. ಫಾರ್ವರ್ಡ್ ಸಂದೇಶ ಸುಳ್ಳಲ್ಲ, ಆದರೆ ಅದು ಬೇರೆ ಊರಿನ ಬಸ್ಸಿನ ಟಿಕೆಟ್ಟು. ಜೆ34.82ರ ಗುಂಪು ಅಮೆರಿಕದವರು ತಮ್ಮ ಬಳಕೆಗೆ ವಿಸ್ತರಿಸಿಕೊಂಡ ಐಸಿಡಿ-10-ಸಿಎಂ ಎಂಬ ರೋಗಗಳ ಕೋಡ್ ಪಟ್ಟಿಯದು. ಮೊದಲು ಅವರೂ ಇದನ್ನು ಜೆ34.89 ಎಂಬ ‘ಇತರೆ’ ಗಂಟಿನಲ್ಲಿ ಕಟ್ಟಿಡುತ್ತಿದ್ದರು. ಈಗ ಕುಸಿತ ಒಳಕವಾಟದ್ದೋ ಹೊರಕವಾಟದ್ದೋ, ಸದಾ ಕಿರಿದಾಗಿಯೇ ಇದೆಯೋ ಉಸಿರೆಳೆದಾಗ ಮಾತ್ರ ಕುಸಿಯುತ್ತದೆಯೋ ಎಂಬುದನ್ನು ಬಿಡಿಸಿ ಬರೆಯಬೇಕು. ಅಣ್ಣ ಅಲ್ಲಿದ್ದಿದ್ದರೆ ಅವನ ಮೂಗಿಗೆ ಜೆ34.8202, ಅಂದರೆ ಉಸಿರೆಳೆದಾಗ ಕುಸಿಯುವ ಒಳಕವಾಟದ ಕೋಡ್, ಬೀಳುತ್ತಿತ್ತು. ನಮ್ಮ ಆಸ್ಪತ್ರೆ ಬಳಸಿದ್ದು ವಿಶ್ವ ಆರೋಗ್ಯ ಸಂಸ್ಥೆಯ ಮೂಲ ಪಟ್ಟಿಯಾದ ಐಸಿಡಿ-10. ಅದರಲ್ಲಿ ಕವಾಟ ಕುಸಿತಕ್ಕೆ ಸ್ವಂತ ಮನೆಯಿಲ್ಲ, ಜೆ34.8 ಎಂಬ ಛತ್ರವೇ ಗತಿ. ಬಿಲ್ಲಿಂಗ್ ಕೌಂಟರಿನ ಹುಡುಗಿ ತಪ್ಪು ಮಾಡಿಲ್ಲ ದೊಡ್ಡಪ್ಪ, ದಯವಿಟ್ಟು ಅವಳ ಮೇಲೆ ರೇಗಬೇಡಿ.

ದೊಡ್ಡಪ್ಪ: ಹಾಗಾದರೆ ತಿರಸ್ಕಾರ ಎಲ್ಲಿಂದ ಬಂತು?

ನಾನು: ಅದೇ ಫೋಟೋದ ಮೂರನೆಯ ಸಾಲನ್ನು ದೊಡ್ಡದು ಮಾಡಿ ನೋಡಿ. ಶಸ್ತ್ರಚಿಕಿತ್ಸೆಯ ಹೆಸರು ‘ಫಂಕ್ಷನಲ್ ರೈನೋಪ್ಲಾಸ್ಟಿ’, ಅಂದರೆ ಉಸಿರಾಟಕ್ಕಾಗಿ ಮೂಗನ್ನು ಸರಿಪಡಿಸುವುದು, ಎಂದಿದೆ. ‘ಪ್ಲಾಸ್ಟಿ’ ಕಂಡೊಡನೆ ಅವರು ಎಕ್ಸ್‌ಕ್ಲೂಷನ್ 08, ಅಂದರೆ ಸೌಂದರ್ಯ ಅಥವಾ ಪ್ಲಾಸ್ಟಿಕ್ ಶಸ್ತ್ರಚಿಕಿತ್ಸೆಗೆ ಹಣವಿಲ್ಲ ಎಂಬ ಪಾಲಿಸಿಯ ನಿಷೇಧವನ್ನು, ಹಚ್ಚಿದ್ದಾರೆ.

ಚಿತ್ರದುರ್ಗದ ಚಿಕ್ಕಪ್ಪ: ಇಷ್ಟು ದೊಡ್ಡ ಪಾಠದ ಅಗತ್ಯವೇ ಇಲ್ಲ. ನಡುಗೋಡೆ ಸೊಟ್ಟ ಎಂಬುದಕ್ಕೆ ಜೆ34.2 ಎಂಬ ಕೋಡ್ ಇದೆಯೆಂದು ಈಗಷ್ಟೇ ಹುಡುಕಿದೆ. ಡಾಕ್ಟರು ನಮಗೆ ಪರಿಚಯದವರು. ಆ ಒಂದು ಅಂಕಿಯನ್ನು ತಿದ್ದಿ ಬರೆದುಕೊಟ್ಟರೆ ಎಲ್ಲರ ತಲೆನೋವೂ ತೀರುತ್ತದೆ. ನಾಲ್ಕು ವರ್ಷ ಗಿರಣಿಯ ಲೆಕ್ಕ ಬರೆದ ನನಗೆ ತಿಳಿಯದ ವ್ಯವಹಾರವೇ ಇದು?

ನಾನು: ಚಿಕ್ಕಪ್ಪ, ನಿಮ್ಮ ಮೇಲಿನ ಗೌರವದಿಂದಲೇ ಹೇಳುತ್ತೇನೆ, ಇದು ಆಗದು. ಎಂಡೋಸ್ಕೋಪಿ ವರದಿಯಲ್ಲಿ ನಡುಗೋಡೆ ನೇರವಾಗಿದೆ ಎಂದು ಅದೇ ಡಾಕ್ಟರು ಸಹಿ ಹಾಕಿದ್ದಾರೆ. ಕ್ಲೇಮ್ ಫಾರಂನ ಬಿ ಭಾಗವನ್ನು ತುಂಬಿ ಸಹಿ ಮಾಡುವುದು ಆಸ್ಪತ್ರೆ. ಎರಡೂ ಕಾಗದ ಒಂದೇ ಮೇಜಿಗೆ ಬಂದ ದಿನ ಅಣ್ಣನ ಹಣದ ಜೊತೆ ಪಾಲಿಸಿಯೂ ಡಾಕ್ಟರ ಮರ್ಯಾದೆಯೂ ಹೋಗುತ್ತವೆ. ಸುಳ್ಳು ದಕ್ಕೀತು ಎಂದುಕೊಂಡರೂ ಲೆಕ್ಕ ಕೂಡುವುದಿಲ್ಲ. ಪಾಲಿಸಿಗೆ ಹದಿನಾಲ್ಕು ತಿಂಗಳು. ಸೊಟ್ಟ ನಡುಗೋಡೆ 24 ತಿಂಗಳು ಕಾಯಬೇಕಾದ ರೋಗಗಳ ಪಟ್ಟಿಯಲ್ಲಿದೆ, ಹನ್ನೊಂದನೆಯ ಪುಟ ನೋಡಿ. ಕವಾಟ ಕುಸಿತ ಆ ಪಟ್ಟಿಯಲ್ಲಿ ಇಲ್ಲ. ನಿಜವೇ ನಮಗೆ ಲಾಭದಲ್ಲಿದೆ.

ಚಿತ್ರದುರ್ಗದ ಚಿಕ್ಕಪ್ಪ: ಹನ್ನೊಂದನೆಯ ಪುಟವನ್ನು ನಾನು ನೋಡಿರಲಿಲ್ಲ.

ದೊಡ್ಡಪ್ಪ: ಈಗ ಮಾಡಬೇಕಾದದ್ದನ್ನು ಹೇಳು ಮಗಳೇ.

ನಾನು: ಎಕ್ಸ್‌ಕ್ಲೂಷನ್ 08ರಲ್ಲಿಯೇ ಒಂದು ಕಿಂಡಿ ಇದೆ. ತಕ್ಷಣದ, ನೇರವಾದ ಆರೋಗ್ಯದ ಅಪಾಯವನ್ನು ನೀಗಲು ಅಗತ್ಯವಾದ ಚಿಕಿತ್ಸೆ ಎಂದು ಚಿಕಿತ್ಸೆ ನೀಡಿದ ವೈದ್ಯರೇ ಪ್ರಮಾಣೀಕರಿಸಿದರೆ ಆ ನಿಷೇಧ ಅನ್ವಯಿಸದು. ‘ತಕ್ಷಣದ’ ಎಂಬ ಪದದ ಮೇಲೆ ಅವರು ಜಗ್ಗಾಡುತ್ತಾರೆ, ಅದಕ್ಕೆ ಸಿದ್ಧರಿರಬೇಕು. ಯಾವ ಬದಿಯ ಯಾವ ಕವಾಟ, ಕಡ್ಡಿ ಪರೀಕ್ಷೆಯಲ್ಲಿ ಕಂಡದ್ದೇನು, ಸ್ಪ್ರೇ ಎಷ್ಟು ತಿಂಗಳು ಹಾಕಿಯೂ ಫಲ ಸಿಗಲಿಲ್ಲ, ಕಿವಿಯ ಮೆದುಮೂಳೆಯನ್ನು ಎಲ್ಲಿ ಇಟ್ಟರು, ಮೂಗಿನ ಹೊರ ಆಕಾರ ಬದಲಿಸುವ ಉದ್ದೇಶ ಇರಲಿಲ್ಲ ಎಂಬುದನ್ನೆಲ್ಲ ಡಾಕ್ಟರಿಂದ ಒಂದು ಪುಟದಲ್ಲಿ ಬರೆಸಿಕೊಂಡು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಕಳಿಸೋಣ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಮತ್ತೆ ಇಲ್ಲವೆಂದರೆ, ವಿಮಾ ಕಂಪನಿಗಳ ಮೇಲಿನ ದೂರು ಕೇಳುವ ಬೆಂಗಳೂರಿನ ವಿಮಾ ಓಂಬುಡ್ಸ್‌ಮನ್ ಕಚೇರಿಗೆ ದೂರು ಕೊಡಬಹುದು, ಅದಕ್ಕೆ ಶುಲ್ಕವಿಲ್ಲ.

ನನ್ನ ಭಯ ಬೇರೆಯದು. ಡಿಸ್ಚಾರ್ಜ್ ಸಮ್ಮರಿಯಲ್ಲಿ ‘ಎರಡು ವರ್ಷದಿಂದ ಮೂಗು ಕಟ್ಟುವಿಕೆ’ ಎಂದಿದೆ. ಪಾಲಿಸಿಗೆ ಮೊದಲೇ ಇದ್ದ ಕಾಯಿಲೆ ಎಂದು ಅವರು ಮುಂದೆ ಹಿಡಿಯಬಹುದು. ಅಣ್ಣಾ, ಪಾಲಿಸಿಗೆ ಮೊದಲು ಇದಕ್ಕಾಗಿ ಯಾವ ವೈದ್ಯರಿಗಾದರೂ ತೋರಿಸಿದ್ದೆಯಾ?

ಅಣ್ಣ: ಇಲ್ಲ. ಮಂಡಿಪೇಟೆಯ ಅಂಗಡಿಯಲ್ಲಿ ಡ್ರಾಪ್ಸ್ ಕೊಂಡು ಹಾಕಿಕೊಳ್ಳುತ್ತಿದ್ದೆ, ಅಷ್ಟೇ.

ಹರಿಹರದ ಅತ್ತೆ: ಸುಳ್ಳು ಹೇಳಬೇಡ ತಮ್ಮಾ. ಹಬ್ಬಕ್ಕೆ ಬಂದಾಗ ನಮ್ಮ ಬೀದಿಯ ಡಾಕ್ಟರಿಗೆ ನಾನೇ ತೋರಿಸಿಕೊಂಡು ಬಂದಿದ್ದೆ. ಆ ಚೀಟಿ ನನ್ನ ಹಾರ್ಲಿಕ್ಸ್ ಡಬ್ಬಿಯಲ್ಲಿ ಇನ್ನೂ ಇದೆ.

ಚಿತ್ರದುರ್ಗದ ಚಿಕ್ಕಪ್ಪ: ಅಕ್ಕಾ, ಅದನ್ನು ಡಬ್ಬಿಯಲ್ಲಿಯೇ ಇರಲು ಬಿಡು. ಗುಂಪಿನಲ್ಲಿ ಹಾಕಬೇಡ.

ಹರಿಹರದ ಅತ್ತೆ: ಫೋಟೋ ಹಾಕಿಯಾಯಿತು. ಅಕ್ಷರ ಸ್ವಲ್ಪ ಅಳಿಸಿದೆ, ಎಣ್ಣೆ ತಾಗಿದೆ.

ನಾನು: ಓದಲು ಬರುತ್ತಿದೆ ಅತ್ತೆ. ಪಾಲಿಸಿ ಶುರುವಾದ ನಾಲ್ಕನೆಯ ತಿಂಗಳ ತಾರೀಕು ಇದೆ, ಅಂದರೆ ಡಾಕ್ಟರಿಗೆ ತೋರಿಸಿದ್ದು ಪಾಲಿಸಿಯ ನಂತರವೇ, ಇದು ನಮಗೇ ಅನುಕೂಲ. ಮೂಗಿಗೆ ಸ್ಪ್ರೇ, ಮೂರು ತಿಂಗಳು, ಕಡಿಮೆಯಾಗದಿದ್ದರೆ ಇಎನ್‌ಟಿ ತಜ್ಞರಿಗೆ ತೋರಿಸಬೇಕು ಎಂದು ಬರೆದಿದ್ದಾರೆ. ಮೂಲ ಚೀಟಿಯನ್ನು ಲ್ಯಾಮಿನೇಷನ್ ಮಾಡಿಸಬೇಡಿ, ಹಾಗೆಯೇ ಬೇಕು. ನಾಳೆ ಹತ್ತು ಗಂಟೆಯ ಬಸ್ಸಿಗೆ ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ.